ಟೀಚರಮ್ಮನ ಚಿತ್ರಗಳಿಗೆ ಕಟ್ಟು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವುದು ಅವಳ ಕೆಲಸ. ಒದ್ದೆ ಹಾಸುಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಎದುರಿನವಳ ಕೈಯಲ್ಲಿ. ಬಿಗಿಯಾಗಿ ಎಳೆದು ಬಿಸಿ ಉರುಳೆಗಳ ಬಾಯಿಗೆ ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಹೊರಗೆ ಬರುತ್ತಿತ್ತು. ಮಡಿಸಬೇಕು, ಪೇರಿಸಬೇಕು, ಮುಂದಿನದಕ್ಕೆ ಕೈ ಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ಕೂರುವ ಮಾತಿಲ್ಲ. ಜತೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು 'ಅತ್ತಿಗೆ' ಎಂದು. ಯಾರಿಗೂ ಅವಳು ಅತ್ತಿಗೆಯಾಗಬೇಕಿರಲಿಲ್ಲ. ಆದರೆ ಹೊತ್ತುಹೊತ್ತಿಗೂ ಅವಳ ಬಾಯಲ್ಲಿ "ನಮ್ಮ ನಾದಿನಿ ಹೀಗಂದ್ರು, ನಮ್ಮ ನಾದಿನಿ ಹಾಗಂದ್ರು" ಎಂಬ ಮಾತೇ ಬರುತ್ತಿದ್ದುದರಿಂದ, ಯಾರೋ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡುಬಿಟ್ಟಿತ್ತು.

ನಾದಿನಿ ಎಂದರೆ ಗಂಡನ ತಂಗಿ, ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾರ ಹಂಗೂ ಬೇಡವೆಂದು ಶಾಲೆಯ ಹತ್ತಿರವೇ ಒಂದು ಕೋಣೆ ಹಿಡಿದು ಇದ್ದವಳು. ಒಂದು ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಕುದುರೆಯ ಚಿತ್ರ ಬರೆಯುತ್ತಿದ್ದಾಗ ಕೈಯಿಂದ ಸೀಮೆಸುಣ್ಣ ಜಾರಿತು, ಹಿಂದೆಯೇ ಅವಳೂ ಜಾರಿದಳು. ಲಕ್ವ ಹೊಡೆದಿತ್ತು. ಜೀವಕ್ಕೇನೂ ಆಗಲಿಲ್ಲ. ಬಲಗಾಲು ಎಳೆದುಕೊಂಡಾದರೂ ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿತು, ತೊದಲುತ್ತಿದ್ದ ಮಾತೂ ನೆಟ್ಟಗಾಯಿತು. ಬಲಗೈ ಮಾತ್ರ ಬೇರೆ ಯಾರದೋ ಕೈಯನ್ನು ತಂದು ಹೆಗಲಿಗೆ ಹೊಲಿದ ಹಾಗೆ ಜೋತುಬಿದ್ದಿತ್ತು. ಅತ್ತಿಗೆಯ ಮಗಳು ಮದುವೆಯಾಗಿ ಹೋದ ಮೇಲೆ ಮುಂದಿನ ಕೋಣೆ ಖಾಲಿ ಇತ್ತು. ನಾದಿನಿ ಅಲ್ಲಿಗೆ ಬಂದಳು. ಜತೆಗೆ ಬಣ್ಣದ ಡಬ್ಬಿಗಳೂ ಬಂದವು.

"ಸ್ವಲ್ಪ ದಿನ ನೋಡ್ಕೋ, ಆಮೇಲೆ ಏನಾದ್ರೂ ಮಾಡೋಣ" ಎಂದಿದ್ದ ಗಂಡ. ಅವನು ದೂರದೂರಿಗೆ ಸರಕು ಸಾಗಿಸುವ ಲಾರಿಯ ಡ್ರೈವರು. ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೇ ಇರುತ್ತಿದ್ದವನಿಗೆ ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂಬುದು ಗೊತ್ತಾಗುವ ಬಗೆಯೇ ಇರಲಿಲ್ಲ.

ಅತ್ತಿಗೆಯೂ ನಾದಿನಿಯೂ ಒಬ್ಬರನ್ನೊಬ್ಬರು 'ನೀವು' ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಸಂಕೋಚಕ್ಕೆ ಶುರುವಾದ ಬಹುವಚನ, ಇಷ್ಟು ವರ್ಷ ಬೇರೆ ಬೇರೆ ಮನೆಯಲ್ಲಿದ್ದುದರಿಂದ ಸವೆಯದೆ ಉಳಿದಿತ್ತು. ನಾದಿನಿಯನ್ನು ಅವಳು 'ಟೀಚರಮ್ಮ' ಎಂದೇ ಕರೆಯುತ್ತಿದ್ದಳು. ನಾದಿನಿಯೂ ಹಾಗೆ ಕರೆಸಿಕೊಳ್ಳಲು ತಕ್ಕವಳೇ ಆಗಿದ್ದಳು. ಅನ್ನದ ಮುಂದೆ ಕೂತರೂ ತಟ್ಟೆಯಲ್ಲಿ ತಪ್ಪು ಹುಡುಕಿ ಗುರುತು ಹಾಕುವಳು ಎನ್ನುವಂಥ ನೋಟ ಅವಳದು.

ನಾದಿನಿ ಎಡಗೈಯಲ್ಲಿ ಚಿತ್ರ ಬರೆಯಲು ಕಲಿಯುವಾಗ ಆರಂಭದಲ್ಲಿ ಹಾಳೆಯ ಮೇಲೆ ಬರೀ ಗೀಚು. ಆಮೇಲಾಮೇಲೆ ಕೆಟಲಿನಂಥದ್ದು ಕೆಟಲಾಯಿತು, ಕಿಟಕಿಯಂಥದ್ದು ಕಿಟಕಿಯಾಯಿತು. ಹಿಂದೆ ಬರೆಯುತ್ತಿದ್ದ ಹಾಗೆ ನಯವಿಲ್ಲ, ಗೆರೆಗಳು ಅಂಕುಡೊಂಕು. ಆದರೆ ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಕೋಣೆಯೊಳಗೆ ಕಂಡದ್ದನ್ನೆಲ್ಲ ಅವಳು ಬರೆದಳು: ಬಾಗಿಲ ಹಿಂದೆ ನೇತುಹಾಕಿದ ಕೊಡೆ, ಮುರಿದ ಬಾಚಣಿಗೆ, ಪಾತ್ರೆ ತೊಳೆಯುತ್ತಿರುವ ಅತ್ತಿಗೆಯ ಬೆನ್ನು. ಬರೆದು ಒಣಗಿದ ಮೇಲೆ ಒಂದೇ ಹಟ, ಕಟ್ಟು ಹಾಕಿಸಬೇಕು.

"ಗೋಡೆಗೆ ಹಾಗೇ ಅಂಟಿಸಿದ್ರೆ ಆಗಲ್ವಾ?" ಎಂದು ಅತ್ತಿಗೆ ಕೇಳಿದ್ದಳು.

"ಕಟ್ಟಿಲ್ಲದ ಚಿತ್ರ ಅಂದ್ರೆ ಬಾಗಿಲಿಲ್ಲದ ಬಚ್ಚಲುಮನೆ ಇದ್ದ ಹಾಗೆ ಅತ್ತಿಗೆ. ಎಲ್ಲಾ ಸರಿಯಾಗೇ ಇರುತ್ತೆ, ಆದ್ರೆ ಒಳಗಿರೋರಿಗೆ ಮರ್ಯಾದೆ ಇರಲ್ಲ."

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಟ್ಟು ತಂದುಕೊಟ್ಟರೆ ಮೂಗು ಮುರಿದಳು. ಮರದ್ದೇ ಆಗಬೇಕು. ಆ ಸಲ ಊರಿಗೆ ಬಂದಿದ್ದ ಗಂಡ, "ಅಯ್ಯೋ, ಇದೇನು ಮಹಾ! ನಾಲ್ಕು ಪಟ್ಟಿ, ನಾಲ್ಕು ಮೂಲೆ" ಎಂದು ಗೋದಾಮಿನಲ್ಲಿ ಬಿದ್ದಿದ್ದ ಸರಕಿನ ಪೆಟ್ಟಿಗೆಗಳ ಹಲಗೆಗಳನ್ನು ಹೊರೆಗಟ್ಟಲೆ ತಂದು ಹಿತ್ತಲಲ್ಲಿ ಸುರಿದ. ಒಂದು ಗರಗಸ, ಒಂದು ಸುತ್ತಿಗೆ, ಅಂಟಿನ ಡಬ್ಬ, ಓರೆಯಾಗಿ ಕೊಯ್ಯಲು ಸೀಳು ಬಿಟ್ಟ ಮರದ ಅಚ್ಚು, ಎಲ್ಲವನ್ನೂ ತಂದ. ದಿನವಿಡೀ ಕುಯ್ದು ಬಡಿದು ಒಂದು ಕಟ್ಟು ಮಾಡಿ ಗೋಡೆಗೆ ತೂಗುಹಾಕಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ನಾಲ್ಕು ಮೂಲೆಗಳಲ್ಲಿ ಮೂರು ಬಾಯಿ ಬಿಟ್ಟುಕೊಂಡಿದ್ದವು. ಮರುದಿನ ಬೆಳಗಾಗುವುದರೊಳಗೆ ಲಾರಿ ಹತ್ತಿ ಹೋದ.

ಹಲಗೆಗಳು ಹಿತ್ತಲಲ್ಲಿ ಉಳಿದವು. ಕೆಲಸ ಅತ್ತಿಗೆಯ ಕೊರಳಿಗೆ ಬಿತ್ತು.

ಅವಳಿಗೆ ಗರಗಸ ಹಿಡಿದು ಗೊತ್ತಿರಲಿಲ್ಲ. ಆರಂಭದ ದಿನಗಳಲ್ಲಿ ಕುಯ್ದದ್ದಕ್ಕಿಂತ ಹಾಳುಮಾಡಿದ್ದೇ ಹೆಚ್ಚು. ಆಸ್ಪತ್ರೆಯಲ್ಲಿ ಮಂಚ, ಕಪಾಟು ರಿಪೇರಿ ಮಾಡುವ ವಯಸ್ಸಾದ ಬಡಗಿಯೊಬ್ಬನಿದ್ದ. ಸದಾ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಅವನಿಗೆ 'ಮೊಳೆಮಾವ' ಎಂದೇ ಹೆಸರು. ಅತ್ತಿಗೆ ಊಟದ ಬಿಡುವಿನಲ್ಲಿ ಅವನ ಹತ್ತಿರ ಹೋಗಿ ತನ್ನ ಗೋಳು ಹೇಳಿಕೊಂಡಳು.

ಮೊಳೆಮಾವ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಹೇಳಿದ: "ಎದುರುಬದುರು ಪಟ್ಟಿಗಳನ್ನ ಜೋಡಿಸಿ ಹಿಡಿದು ಒಂದೇ ಅಳತೆ ಮಾಡ್ಕೊಳಮ್ಮ. ಅಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಮೂಲೆ ಕೂಡಲ್ಲ. ಅಂಟು ಹಾಕಿದ್ಮೇಲೆ ಮೊಳೆ ಹೊಡೆಯೋ ಅವಸರ ಬೇಡ. ಸುತ್ತ ದಾರ ಬಿಗಿದು ಬಿಟ್ಟುಬಿಡು. ಮೂಲೆಯಿಂದ ಮೂಲೆಗೆ ಅಳತೆ ಹಿಡಿ, ಎರಡೂ ಕಡೆ ಒಂದೇ ಬಂತು ಅಂದ್ರೆ ನೆಟ್ಟಗಿದೆ ಅಂತ."

"ಚಿತ್ರ ಕೂರೋಕೆ ಹಿಂದುಗಡೆ ಮೆಟ್ಟಿಲಿನ ಹಾಗೆ ತಗ್ಗು ಬೇಕಲ್ಲ?"

"ಅದಕ್ಕೆ ಯಂತ್ರ ಬೇಕು. ನಿನ್ನ ಹತ್ರ ಇಲ್ಲ. ಅಗಲದ ಪಟ್ಟಿ ಹಿಂದೆ ಸಣ್ಣ ಪಟ್ಟಿ ಅಂಟಿಸು, ತಾನಾಗೇ ಮೆಟ್ಟಿಲಾಗುತ್ತೆ. ಅಷ್ಟು ಸಾಕು. ಅರಮನೆಗೇನು ಮಾಡ್ತಿಲ್ವಲ್ಲ."

ಹೀಗೆ ಕಲಿತಳು. ಸಂಜೆ ಕೆಲಸದಿಂದ ಬಂದು, ಒಲೆಯ ಮೇಲೆ ಅನ್ನಕ್ಕಿಟ್ಟು, ಮುಂದಿನ ಕೋಣೆಯ ನೆಲದ ಮೇಲೆ ಹಳೆಯ ಚಾದರ ಹಾಸಿ ಕೂರುವಳು. ಹಿತ್ತಲಲ್ಲಿ ದೀಪವಿರಲಿಲ್ಲ. ಅದೂ ಅಲ್ಲದೆ ನಾದಿನಿಗೆ ತನ್ನ ಕಣ್ಣೆದುರೇ ಆಗಬೇಕು. ಕುರ್ಚಿಯ ಮೇಲೆ ಕೂತು ಕೋಲಿನ ತುದಿಯಿಂದ ತೋರಿಸುವಳು.

"ಅತ್ತಿಗೆ, ಎಡಗಡೆ ಮೂಲೆ ನಗ್ತಾ ಇದೆ ನೋಡಿ."

"ನಗಲಿ ಬಿಡಿ ಟೀಚರಮ್ಮ. ಈ ಮನೇಲಿ ಅದಾದ್ರೂ ನಗಲಿ."

ನಗುವ ಮೂಲೆಗೆ ಗರಗಸದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮರಳು ಕಾಗದದಿಂದ ತಿಕ್ಕಿ ಬಾಯಿ ಮುಚ್ಚಿಸುವಳು. ಪುಡಿ ಅನ್ನದ ಮೇಲೂ, ದಿಂಬಿನ ಮೇಲೂ, ಅವಳ ಮೂಗಿನೊಳಗೂ ಹೋಗಿ ಕೂರುತ್ತಿತ್ತು. ಹಗಲೆಲ್ಲ ಹಾಸುಬಟ್ಟೆ ಎಳೆದ ಹೆಗಲು ಸಂಜೆ ಗರಗಸ ಎಳೆಯುವಾಗ ಒಳಗೊಳಗೇ ಕುಟುಕುತ್ತಿತ್ತು. ಒಂದು ಕಟ್ಟು ಮುಗಿಯುವಷ್ಟರಲ್ಲಿ ಮುಂದಿನ ಚಿತ್ರ ಒಣಗಿರುತ್ತಿತ್ತು. ಅದರ ಅಳತೆಯೇ ಬೇರೆ. ನಾದಿನಿ ಕೈಗೆ ಸಿಕ್ಕ ಹಾಳೆಯಲ್ಲಿ ಬರೆಯುತ್ತಿದ್ದಳು, ಉದ್ದುದ್ದ ಒಂದು, ಚೌಕದ್ದು ಇನ್ನೊಂದು, ಅಂಚು ಹರಿದದ್ದು ಮತ್ತೊಂದು. ಹಾಗಾಗಿ ಪ್ರತಿ ಸಲವೂ ಮೊದಲಿಂದ ಅಳತೆ, ಮೊದಲಿಂದ ಕೊಯ್ತ.

ಮುಂದಿನ ಕೋಣೆಯ ಗೋಡೆ ತುಂಬಿತು. ನಡುಮನೆಯ ಗೋಡೆಯೂ ತುಂಬಿತು. ಅಡುಗೆಮನೆಯಲ್ಲಿ ಜರಡಿಯ ಪಕ್ಕ ಬಾಚಣಿಗೆಯ ಚಿತ್ರ ಬಂತು. ಮೊಳೆ ಹೊಡೆದು ಹೊಡೆದು ಗಾರೆ ಉದುರತೊಡಗಿತು. ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ, "ಅಮ್ಮಾ, ಸ್ವಲ್ಪ ನೋಡ್ಕೊಂಡು ಹೊಡೀರಿ. ಇನ್ನೊಂದು ಉದ್ದನೆ ಮೊಳೆ ಹೊಡೆದ್ರೆ ನನ್ನ ಕಡೆ ಅಂಗಿ ನೇತುಹಾಕ್ಕೋಬಹುದು" ಎಂದು ನಗೆಯಾಡಿದ. ಅತ್ತಿಗೆಗೆ ನಗು ಬರಲಿಲ್ಲ. ಅವಳಿಗೆ ಬೇಕಿದ್ದದ್ದು ಕಾಲು ಚಾಚುವುದಕ್ಕೆ ಒಂದಿಷ್ಟು ಹೊತ್ತು, ಅಷ್ಟೇ.

ಅದು ಒಂದು ಭಾನುವಾರ. ವಾರಕ್ಕೆ ಅವಳಿಗೆ ಸಿಗುವ ರಜೆ ಅದೊಂದೇ. ಬಟ್ಟೆ ಒಗೆದು, ನಾದಿನಿಯ ತಲೆಗೆ ನೀರು ಹಾಕಿ, ಜಡೆ ಹಾಕಿ, ಊಟ ಮುಗಿಸಿ, ಸೆರಗು ಹಾಸಿಕೊಂಡು ನೆಲದ ಮೇಲೆ ತಲೆಯಿಟ್ಟಿದ್ದಳು. ಮುಂದಿನ ಕೋಣೆಯಿಂದ ಕೋಲು ಕುಟ್ಟುವ ಸದ್ದು ಕೇಳಿತು.

"ಅತ್ತಿಗೆ, ಒಣಗಿದೆ."

ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅತ್ತಿಗೆ, ಎರಡೂ ಒಣಗಿವೆ."

ಎದ್ದಳು. ಹಲಗೆ ತಂದಳು, ಅಳತೆ ಹಿಡಿದಳು, ಅಚ್ಚಿನಲ್ಲಿಟ್ಟು ಕುಯ್ಯತೊಡಗಿದಳು. ನಿದ್ದೆಗಣ್ಣಿನಲ್ಲಿ ಎದುರುಬದುರಿನ ಪಟ್ಟಿಗಳಲ್ಲಿ ಒಂದು ಗಿಡ್ಡವಾಯಿತು. ಸರಿಪಡಿಸಲು ಇನ್ನೊಂದನ್ನು ಗಿಡ್ಡ ಮಾಡಹೋದಳು, ಗರಗಸ ಜಾರಿ ಹೆಬ್ಬೆರಳಿಗೆ ತಗುಲಿತು. ದೊಡ್ಡ ಗಾಯವೇನಲ್ಲ. ಆದರೆ ರಕ್ತ ಬಂತು, ಪಟ್ಟಿಯ ಮೇಲೂ ಬಿತ್ತು.

ಕುರ್ಚಿಯಿಂದ ನಾದಿನಿ ನೋಡಿ, "ಅಯ್ಯೋ, ಆ ಪಟ್ಟಿ ಹಾಳಾಯ್ತು" ಎಂದಳು.

ಅಷ್ಟೇ ಸಾಕಾಯಿತು. ಅತ್ತಿಗೆ ಗರಗಸವನ್ನು ನೆಲಕ್ಕೆ ಒಗೆದಳು. "ಪಟ್ಟಿ ಹಾಳಾಯ್ತಾ? ನನ್ನ ಬೆರಳು ಕಾಣಿಸ್ಲಿಲ್ವಾ ನಿಂಗೆ? ಕಿಟಕಿ ಕಾಣುತ್ತೆ, ಕೊಡೆ ಕಾಣುತ್ತೆ, ನನ್ನ ಬೆನ್ನೂ ಕಾಣುತ್ತೆ ಚಿತ್ರ ಬರೆಯೋಕೆ. ಆ ಬೆನ್ನು ನೋಯುತ್ತೆ ಅಂತ ಕಾಣಲ್ಲ! ಯಾರು ನೋಡ್ತಾರೆ ಇದನ್ನೆಲ್ಲ? ಯಾರಿಗೆ ಬೇಕು ನಿನ್ನ ಚಿತ್ರ?"

ಅಷ್ಟು ವರ್ಷದಲ್ಲಿ ಮೊದಲ ಸಲ ಬಹುವಚನ ಬಿಟ್ಟಿದ್ದಳು. ಅದು ಇಬ್ಬರಿಗೂ ಕೇಳಿಸಿತು.

ನಾದಿನಿ ಕೋಲನ್ನು ಮಂಡಿಯ ಮೇಲಿಟ್ಟುಕೊಂಡಳು. ಆಮೇಲೆ, "ಯಾರೂ ನೋಡಲ್ಲ ಅಂತ ನಂಗೂ ಗೊತ್ತು" ಎಂದು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳಲು ಹೆಣಗಿದಳು. ಒಂದೇ ಕೈಯಲ್ಲಿ ಅದು ಪೂರ್ತಿ ತಿರುಗಲಿಲ್ಲ. ಅರ್ಧ ತಿರುಗಿದ ಕುರ್ಚಿಯ ಮೇಲೆ ಹಾಗೇ ಕೂತಳು. ಅತ್ತಿಗೆ ಹೋಗಿ ತಿರುಗಿಸಿಕೊಡಬಹುದಿತ್ತು, ಕೊಡಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಹೋಗಿ ಮಲಗಿದಳು. ನಿದ್ದೆ ಬಂತು. ಚೆನ್ನಾಗಿಯೇ ಬಂತು.

ಅಂದಿನಿಂದ ನಾದಿನಿ ಬ್ರಷ್ಷು ಮುಟ್ಟಲಿಲ್ಲ. ಬಣ್ಣದ ಡಬ್ಬಿಗಳು ಮುಚ್ಚಳ ಹಾಕಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ಊಟ ಕೊಟ್ಟರೆ ಉಂಡಳು, ಮಾತಾಡಿಸಿದರೆ ಹೂಂ ಎಂದಳು. ತಟ್ಟೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟಳು. ಮೊದಮೊದಲು ಅತ್ತಿಗೆಗೆ ಹಾಯೆನಿಸಿತು. ಸಂಜೆ ಬಂದು ಗೋಡೆಗೊರಗಿ ಕಾಲು ಚಾಚಿ ಕೂರುವುದೇ ಒಂದು ಸುಖ. ಆದರೆ ಹಾಗೆ ಕೂತರೆ ಎದುರಿಗೆ ಗೋಡೆ, ಗೋಡೆಯ ತುಂಬ ಚಿತ್ರಗಳು. ತಾನು ಯಾವ ಮೂಲೆಯ ಬಾಯಿಯನ್ನು ಎಷ್ಟು ಪುಡಿ ತುಂಬಿ ಮುಚ್ಚಿದ್ದೆ ಎಂಬುದು ಕಾಣುತ್ತಿತ್ತು. ತನ್ನ ಬೆನ್ನೂ ಕಾಣುತ್ತಿತ್ತು. ಆ ಚಿತ್ರವನ್ನು ಅವಳು ಅದುವರೆಗೆ ಬರೀ ಉದ್ದ ಅಗಲಕ್ಕಾಗಿ ನೋಡಿದ್ದಳು. ಈಗ ನೋಡಿದರೆ, ಬಲ ಹೆಗಲು ಎಡಕ್ಕಿಂತ ತಗ್ಗಿದ್ದು, ಕುತ್ತಿಗೆ ಒಂದು ಕಡೆಗೆ ವಾಲಿದ್ದು, ಎಲ್ಲ ಇತ್ತು. ನೋಯುವ ಬೆನ್ನು ಎಂದು ಯಾರಾದರೂ ಹೇಳಬಹುದಾಗಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಾಗುವುದೂ ಒಂದು ದುಡಿಮೆಯೇ ಎನಿಸಿ ಎದ್ದು ಹೋಗಿ ಪಾತ್ರೆ ತೊಳೆದಳು.

ಗಂಡ ಬಂದ. ಇಬ್ಬರ ಮುಖವನ್ನೂ ನೋಡಿ ಏನೋ ನಡೆದಿದೆಯೆಂದು ತಿಳಿದು, ಒಬ್ಬೊಬ್ಬರನ್ನೇ ಕೇಳಿದ.

"ಅವಳು ಹೇಳೋದೂ ಸರಿ, ನೀನು ಹೇಳೋದೂ ಸರಿ" ಎಂದ ಹೆಂಡತಿಗೆ.

"ಹಾಗಾದ್ರೆ ಏನು ಮಾಡೋದು ಅಂತ ಹೇಳಿ."

"ಮೊದ್ಲು ಸ್ನಾನ ಮಾಡ್ಕೊಂಡು ಬರ್ತೀನಿ" ಎಂದು ಹೋದವನು ಬಚ್ಚಲಿನಿಂದ ಬಂದ ಮೇಲೆ ಆ ಮಾತೆತ್ತಲಿಲ್ಲ. ಹೊರಡುವಾಗ ಮಾತ್ರ ತಂಗಿಯ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಯಾಗಿ ತಿರುಗಿಸಿಕೊಟ್ಟು ಹೋದ.

ಅದಾದ ಕೆಲವು ದಿನಕ್ಕೆ, ಹಾಸುಬಟ್ಟೆ ಮುಟ್ಟಿಸುವ ಆಳು ರಜೆ ಹಾಕಿದ್ದರಿಂದ ಅತ್ತಿಗೆಯೇ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋಗಬೇಕಾಯಿತು. ಅಲ್ಲಿ ಒಂದು ಮಂಚ ಆಗಷ್ಟೇ ಖಾಲಿಯಾಗಿತ್ತು. ನರ್ಸು ಮಂಚದ ಕಾಲ ಕಡೆ ತೂಗುತ್ತಿದ್ದ ತಗಡಿನ ಚೌಕಟ್ಟಿನಿಂದ ಹಳೆಯ ರೋಗಿಯ ಚೀಟಿಯನ್ನು ಮೇಲಕ್ಕೆ ಎಳೆದು ತೆಗೆದು, ಹೊಸಬನದನ್ನು ಇಳಿಬಿಟ್ಟಳು. ಇನ್ನೊಂದು ಕೈಯಲ್ಲಿ ಔಷಧದ ತಟ್ಟೆ ಹಿಡಿದುಕೊಂಡೇ ಇದ್ದಳು. ಒಂದೇ ಕೈ ಸಾಕಾಗಿತ್ತು.

ಅತ್ತಿಗೆ ಗಾಡಿ ಬಿಟ್ಟು ಆ ಚೌಕಟ್ಟಿನ ಹತ್ತಿರ ಹೋಗಿ, ಬಗ್ಗಿ, ಹಿಂದೆ ಮುಂದೆ ನೋಡಿದಳು. ಮೂರು ಕಡೆ ಮಡಿಕೆ ಇತ್ತು, ಮೇಲ್ಗಡೆ ಬಾಯಿ ತೆರೆದಿತ್ತು.

"ಏನಮ್ಮಾ, ಏನಾದ್ರೂ ಬಿದ್ದೋಯ್ತಾ?" ಎಂದಳು ನರ್ಸು.

"ಇಲ್ಲ, ಸಿಕ್ತು" ಎಂದು ಅತ್ತಿಗೆ ಗಾಡಿ ತಳ್ಳಿದಳು.

ಈ ಸಲ ಅವಳು ಸರಕಿನ ಪೆಟ್ಟಿಗೆಯ ಹಲಗೆ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಕಾಲು ಮುರಿದ ಹಳೆಯ ಬೆಂಚೊಂದು ಮೂಲೆಗೆ ಬಿದ್ದಿತ್ತು. ಅದರ ಮರವನ್ನು ಮೊಳೆಮಾವ ಮೇಲಿನವರನ್ನು ಕೇಳಿ ತೆಗೆಸಿ, ಪಟ್ಟಿಗಳಾಗಿ ಸೀಳಿಕೊಟ್ಟ. ಎಷ್ಟೋ ಜನ ಕೂತು ಕಾದು ಕಾದು ನುಣ್ಣಗಾಗಿದ್ದ ಗಟ್ಟಿ ಮರ. ಗರಗಸ ಬೇಗ ಹೋಗುತ್ತಿರಲಿಲ್ಲ. ಅವಳೂ ಅವಸರ ಮಾಡಲಿಲ್ಲ. ಒಂದು ಸಂಜೆ ಒಂದು ಪಟ್ಟಿ ಕುಯ್ದರೆ ಆಯಿತು, ಮೈ ಬಾರದಿದ್ದರೆ ಅದೂ ಇಲ್ಲ. ನಾಲ್ಕು ಕಟ್ಟು ಮಾಡಬೇಕು, ನಾಲ್ಕೂ ಒಂದೇ ಅಳತೆಯವು. ಮುಂದುಗಡೆ ಎಂದಿನಂತೆ ಓರೆ ಮೂಲೆಗಳು. ಹಿಂದುಗಡೆ ಮಾತ್ರ ಮೂರೇ ಕಡೆ ತೆಳು ಪಟ್ಟಿ ಅಂಟಿಸಿ, ಅದರ ಮೇಲೆ ಪ್ಲೈವುಡ್ ಹಲಗೆ ಕೂರಿಸಿದಳು. ಹಾಗಾಗಿ ಮೇಲ್ಗಡೆ ರಟ್ಟು ಇಳಿಯುವಷ್ಟು ಸೀಳು ಉಳಿಯಿತು.

ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದ ನಾದಿನಿ ಏನೂ ಕೇಳಲಿಲ್ಲ. ಆದರೆ ಒಂದು ಸಂಜೆ ಅಂಟು ಒತ್ತಿ ದಾರ ಬಿಗಿಯುತ್ತಿದ್ದಾಗ, ತಿರುಗದೆಯೇ, "ದಾರ ಸಡಿಲ ಇದೆ" ಎಂದಳು.

"ನೋಡದೇನೇ ಹೇಗೆ ಗೊತ್ತಾಯ್ತು?"

"ಬಿಗಿ ಇದ್ರೆ ಗಂಟು ಹಾಕೋವಾಗ ಟಿಂಗ್ ಅನ್ನುತ್ತೆ. ಈಗ ಅನ್ನಲಿಲ್ಲ."

ಅತ್ತಿಗೆ ಬಿಚ್ಚಿ ಮತ್ತೆ ಬಿಗಿದಳು. ಟಿಂಗ್ ಎಂದಿತು.

ಕಟ್ಟುಗಳು ಸಿದ್ಧವಾದ ಮೇಲೆ ಒಂದು ರಜೆಯ ದಿನ ಮುಂದಿನ ಕೋಣೆಯ ಗೋಡೆಯ ಮೇಲಿದ್ದದ್ದನ್ನೆಲ್ಲ ಇಳಿಸಿದಳು. ನಾಲ್ಕನ್ನೂ ಸಾಲಾಗಿ, ಎಲ್ಲರೂ ಹಾಕುವಷ್ಟು ಎತ್ತರಕ್ಕಲ್ಲ, ಕೋಲೂರಿ ನಿಂತವಳ ಎಡಗೈಗೆ ಎಟುಕುವಷ್ಟು ತಗ್ಗಿನಲ್ಲಿ ತೂಗುಹಾಕಿದಳು. ಖಾಲಿ ಕಟ್ಟುಗಳು ಬೋಳುಬೋಳಾಗಿ ಕಂಡವು. ಬೆನ್ನಿನ ಚಿತ್ರವನ್ನು ಹಳೆಯ ಕಟ್ಟಿನಿಂದ ಬಿಡಿಸಿ, ರಟ್ಟಿಗೆ ಅಂಟಿಸಿ, ನಾದಿನಿಯ ಕೈಗೆ ಕೊಟ್ಟಳು.

"ಮೇಲಿಂದ ಬಿಡಿ."

ನಾದಿನಿ ಅನುಮಾನದಿಂದಲೇ ಎದ್ದು, ಕೋಲನ್ನು ಗೋಡೆಗೊರಗಿಸಿ, ಎಡಗೈಯಲ್ಲಿ ರಟ್ಟನ್ನು ಸೀಳಿಗಿಟ್ಟಳು. ಒಂದು ಮೂಲೆ ಸಿಕ್ಕಿಕೊಂಡಿತು. ಅತ್ತಿಗೆ ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು. ಇನ್ನೊಮ್ಮೆ ಇಟ್ಟಾಗ ಸರ್ರನೆ ಇಳಿದು ಕೂತಿತು. ಮತ್ತೆ ಎಳೆದಳು, ಬಂತು. ಮತ್ತೆ ಬಿಟ್ಟಳು.

"ಹಾಗಾದ್ರೆ ಒಳಗೆ ಹೋದದ್ದು ಹೊರಗೂ ಬರುತ್ತೆ" ಎಂದಳು. ದನಿಯಲ್ಲಿ ಖುಷಿಗಿಂತ ದೂರೇ ಹೆಚ್ಚಿತ್ತು. "ಯಾವುದನ್ನ ಇಡಬೇಕು, ಯಾವುದನ್ನ ತೆಗೀಬೇಕು ಅಂತ ಯಾರು ಹೇಳೋರು?"

"ನೀವೇ. ಮಕ್ಕಳಿಗೆ ಮಾರ್ಕ್ಸ್ ಹಾಕ್ತಿರ್ಲಿಲ್ವಾ? ಹಾಗೇ."

"ತೆಗೆದಿದ್ದು?"

"ಪೆಟ್ಟಿಗೇಲಿರುತ್ತೆ. ಬೇಕಾದಾಗ ಮತ್ತೆ ಹಾಕೋದು."

ನಾದಿನಿ ಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿದಳು. ಮೂಲೆಗಳನ್ನು ಉಗುರಿನಿಂದ ಕೆರೆದು ನೋಡಿದಳು. ಒಂದು ಮಾತ್ರ ತುಸು ನಗುತ್ತಿತ್ತು. ಅದನ್ನು ಹಾಗೇ ಬಿಟ್ಟು ಬೆರಳನ್ನು ಮುಂದಕ್ಕೆ ಸರಿಸಿದಳು.

"ಎಲ್ಲಾ ಒಂದೇ ಅಳತೆ ಮಾಡಿದ್ದೀರಿ. ಇನ್ಮೇಲೆ ನಾನು ನಿಮ್ಮ ಅಳತೆಗೆ ಬರೀಬೇಕಾ?"

"ಹೂಂ. ಇಷ್ಟು ದಿನ ನಾನು ನಿನ್ನ ಅಳತೆಗೆ ಕುಯ್ದಿಲ್ವಾ?"

ಮತ್ತೆ ಏಕವಚನ ಬಂದುಬಿಟ್ಟಿತ್ತು. ಈ ಸಲ ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ನಾದಿನಿ ಕುರ್ಚಿಯ ಕಡೆ ನಡೆಯುತ್ತ, "ಇರಲಿ ಬಿಡು" ಎಂದಳು. ಕೂತ ಮೇಲೆ ಕೇಳಿದಳು: "ಹಾಗಾದ್ರೆ ಇನ್ನು ನಿಂಗೆ ಈ ಕೋಣೇಲಿ ಕೂರೋ ಕೆಲಸ ಇಲ್ಲ ಅನ್ನು."

ಅತ್ತಿಗೆ ಇಳಿಸಿಟ್ಟ ಹಳೆಯ ಕಟ್ಟುಗಳನ್ನು ಪೇರಿಸತೊಡಗಿದಳು. ಗಂಡ ತಿಂಗಳುಗಟ್ಟಲೆ ರಸ್ತೆಯಲ್ಲಿ, ತಾನು ಹಗಲೆಲ್ಲ ಆಸ್ಪತ್ರೆಯಲ್ಲಿ. ಗರಗಸದ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಇನ್ನೊಬ್ಬರ ಸದ್ದೇ ಇರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

"ಟೀ ಕುಡಿಯೋಕೆ ಬರ್ತೀನಿ" ಎಂದಳು. "ಸುಮ್ನೆ ಕೂತ್ಕೋತೀನಿ. ಏನೂ ಮಾಡಲ್ಲ ಮತ್ತೆ. ಮೊದ್ಲೇ ಹೇಳಿದ್ದೀನಿ."

"ಮಾಡ್ಬೇಡ. ಸುಮ್ನೆ ಕೂತವರನ್ನ ಬರೆಯೋದು ಸುಲಭ."

ಆಮೇಲೆ ಸಂಜೆ ಟೀ ಲೋಟ ಹಿಡಿದು ಅತ್ತಿಗೆ ಅಲ್ಲೇ ಕೂರುವುದು ರೂಢಿಯಾಯಿತು. ಕೆಲವು ಸಲ ಕೂತಲ್ಲೇ ತೂಕಡಿಸುವಳು. ನಾದಿನಿ ಅದನ್ನೂ ಬರೆದಳು, ಅಚ್ಚುಕಟ್ಟಾಗಿ ಒಂದೇ ಅಳತೆಯ ಹಾಳೆಗಳಲ್ಲಿ. ಇಳಿಸಿದ ಹಳೆಯ ಕಟ್ಟುಗಳಲ್ಲಿ ಒಂದನ್ನು ಪಕ್ಕದ ಮನೆಯ ದರ್ಜಿ ತನ್ನ ಕನ್ನಡಿಗೆಂದು ಒಯ್ದ. ಚಿತ್ರದ ಸಮೇತ ಒಂದೆರಡನ್ನು ಇಸ್ತ್ರಿ ವಿಭಾಗದ ಹೆಂಗಸರು ಕೇಳಿ ಪಡೆದರು. ಮುರಿದವು ಸೌದೆಯಾದವು. ಗಂಡ ಮುಂದಿನ ಸಲ ಬಂದಾಗ ಗೋಡೆ ನೋಡಿ, "ನಾನು ತೋರಿಸ್ಕೊಟ್ಟಿದ್ದನ್ನ ಚೆನ್ನಾಗಿ ಕಲ್ತಿದ್ದೀಯ" ಎಂದ. ಅವಳು ಅವನ ಮುಖವನ್ನೇ ನೋಡಿದಳು. ಅವನು ಸ್ನಾನಕ್ಕೆ ಹೋದ.

ಅತ್ತಿಗೆಯ ದಣಿವೇನೂ ಇಳಿಯಲಿಲ್ಲ. ಇಸ್ತ್ರಿ ಯಂತ್ರ ಅದೇ, ಹಾಸುಬಟ್ಟೆಗಳ ರಾಶಿ ಅದೇ, ಬಲ ಹೆಗಲು ಎಡಕ್ಕಿಂತ ಇನ್ನಷ್ಟು ತಗ್ಗಿತು. ನಾದಿನಿಯ ತಲೆಗೆ ನೀರು ಹಾಕುವುದು, ಜಡೆ ಹಾಕುವುದು ಯಾವುದೂ ತಪ್ಪಲಿಲ್ಲ. ಭಾನುವಾರದ ಮಧ್ಯಾಹ್ನ ಮಾತ್ರ ಅವಳದಾಯಿತು.

ಅಂಥದೊಂದು ಮಧ್ಯಾಹ್ನ ಮಲಗಿದ್ದಾಗ ಮುಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹಿಂದೆಯೇ ನಾದಿನಿ ರಟ್ಟಿಗೋ, ಕಟ್ಟಿಗೋ, ತನ್ನ ಬಲಗೈಗೋ ಬೈದದ್ದೂ ಕೇಳಿಸಿತು. ಅತ್ತಿಗೆ ಕಣ್ಣು ತೆರೆದು, ಕೂಗು ಬರುತ್ತದೆಂದು ಕಾದಳು. ಕೋಲು ನೆಲಕ್ಕೆ ತಗುಲಿದ ಸದ್ದು ಬಂತು, ಬಗ್ಗುವಾಗಿನ ಏದುಸಿರು ಬಂತು, ಆಮೇಲೆ ರಟ್ಟು ಸರ್ರನೆ ಜಾರಿ ಕೂತದ್ದು ಕೇಳಿಸಿತು. ಅವಳು ಇನ್ನೊಂದು ಮಗ್ಗುಲಿಗೆ ಹೊರಳಿ, ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದಳು.